ತಂತಿಯ ಕೆಳಗೆ ಉಗಿಬಂಡಿ

1923ರಲ್ಲಿ ಇಂಗ್ಲೆಂಡಿನ ಡಾನ್‌ಕಾಸ್ಟರ್‌ನಲ್ಲಿ ತಯಾರಾದ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಬ ಉಗಿ ಎಂಜಿನ್, ವರ್ಷಗಟ್ಟಲೆ ದುರಸ್ತಿಯ ನಂತರ 2016ರ ಫೆಬ್ರವರಿ 25ರಂದು ಲಂಡನ್ನಿನಿಂದ ಯಾರ್ಕ್‌ಗೆ ಹೊರಟಿತು. ಆ ಹಾದಿ ಈಗ ವಿದ್ಯುತ್ ಮಾರ್ಗ. ನೆತ್ತಿಯ ಮೇಲೆ 25,000 ವೋಲ್ಟ್ ತಂತಿ, ಪಕ್ಕದಲ್ಲಿ ಸಾಲು ಸಾಲು ಕಂಬ.

ಫೋಟೋ ತೆಗೆಯುವವರಿಗೆ ಇದು ದೊಡ್ಡ ಪರೀಕ್ಷೆ. ಎಂಜಿನ್ನಿನ ಚಿಮಣಿ ಎರಡು ಕಂಬಗಳ ನಡುವೆ ಬಂದಾಗಲೇ ಕ್ಲಿಕ್ಕಿಸಬೇಕು. ಅರೆಕ್ಷಣ ತಡವಾದರೆ ಎಂಜಿನ್ನಿನ ಮುಖಕ್ಕೇ ಕಂಬ ಅಡ್ಡ. ಚಳಿಗಾಲದ ಬೆಳಗು ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ತಣ್ಣನೆಯ ಗಾಳಿಗೆ ಉಗಿ ಬೇಗ ಹನಿಗಟ್ಟಿ, ಬೆಳ್ಳಗೆ ದಟ್ಟವಾಗಿ ತಂತಿಗಳನ್ನು ಸುತ್ತಿಕೊಂಡು ಮೇಲೇಳುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ತಂತಿಗಳನ್ನು ಅಳಿಸಿಬಿಡುವವರೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ. ಇವತ್ತಿನ ಹಳಿಯ ಮೇಲೆ ಆ ಎಂಜಿನ್ ಓಡಿತೆಂಬುದಕ್ಕೆ ತಂತಿಯೇ ಸಾಕ್ಷಿ.

2016ರ ಆ ಓಟದ ದಿನ ಕೆಲವರು ಫೋಟೋಗಾಗಿ ಹಳಿಗೇ ಇಳಿದರು. ರೈಲು ನಡುದಾರಿಯಲ್ಲಿ ನಿಲ್ಲಬೇಕಾಯಿತು. ಹೀಗೆ ಹಳಿಗಿಳಿಯುವುದು ಅಪಾಯ: ವಿದ್ಯುತ್ ರೈಲು ಹತ್ತಿರ ಬರುವವರೆಗೂ ಅದರ ಸದ್ದು ಅಷ್ಟಾಗಿ ಕೇಳಿಸದು. ಉಗಿ ಎಂಜಿನ್ನಿಗೆ ಕಾದು ನಿಂತವರಿಗೆ ಪಕ್ಕದ ಹಳಿಯ ನೆನಪೇ ಇರುವುದಿಲ್ಲ. ದಯವಿಟ್ಟು ಬೇಲಿಯ ಈಚೆಯೇ ನಿಂತು ತೆಗೆಯಿರಿ. ಸೇತುವೆಯ ಮೇಲಿದ್ದರೆ, ತಂತಿಯ ಕಡೆಗೆ ಸೆಲ್ಫಿ ಕೋಲು ಚಾಚಲೇಬೇಡಿ.