ಠರಾವು ಕೆರೆಗೆ ಇಳಿಯೂದು ಯಾವಾಗ?

(ಗದಗ ತಾಲೂಕು ಅಂತೂರ-ಬೆಂತೂರದ ಸಭೆಯಲ್ಲಿ ಆಡಿದ ಮಾತು)



ನಾವು ಭಾಷಣ ಮಾಡಲಿಕ್ಕೆ ಬಂದವರಲ್ಲ, ಲೆಕ್ಕ ಕೇಳಲಿಕ್ಕೆ ಬಂದವರು. ಕಾಲೇಜಿನಲ್ಲಿ ಪ್ರಜಾಪ್ರಭುತ್ವ ಅಂದರೇನು ಅಂತ ನಮ್ಮಿಂದ ಪುಟಗಟ್ಟಲೆ ಬರೆಸಿದರು. ಪಂಚಾಯ್ತಿ ಕುರ್ಚಿ ಮ್ಯಾಲೆ ಯಾರು ಕುಂತರು, ನೆಲದ ಮ್ಯಾಲೆ ಯಾರು ಕುಂತರು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಅದನ್ನ ಇವತ್ತು ನಾವೇ ಕೇಳೋಣ.

ದಿಲ್ಲಿ ದೂರ, ಬೆಂಗಳೂರು ದೂರ. ನಳ ಎಲ್ಲೀತನಕ ಬರಬೇಕು, ಲೈಟಿನ ಕಂಬ ಯಾವ ಓಣಿಗೆ ನಿಲ್ಲಬೇಕು, ಮನಿ ಯಾರ ಹೆಸರಿಗೆ ಬರಬೇಕು, ಇದೆಲ್ಲ ಮೊದಲು ಮಾತಾಗೂದು ಊರಾಗ. ಅದಕ್ಕೇ ಊರಿನ ಕುರ್ಚಿ ನಮಗೆ ಎಲ್ಲದಕ್ಕಿಂತ ಕಡೆಗೆ ಸಿಕ್ಕಿತು. ಸಿಕ್ಕ ಮೇಲೂ ಮೊದಲು ಕಸಿದುಕೊಳ್ಳೂದು ಅದನ್ನೇ.

ಹಳೇ ಕಥಿಯಿಂದ ಸುರು ಮಾಡೋಣ. ಗದಗ ಆಗ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆಯೊಳಗಿತ್ತು. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಆಡಳಿತ ಸ್ಥಳೀಯರ ಕೈಗೆ ಅಂತ ಠರಾವು ಹೊರಡಿಸಿದ. 1884ರಲ್ಲಿ ಮುಂಬೈ ಲೋಕಲ್ ಬೋರ್ಡ್ ಕಾಯ್ದೆ ಬಂತು. ಜಿಲ್ಲಾ ಬೋರ್ಡು, ತಾಲೂಕು ಬೋರ್ಡು ಹುಟ್ಟಿದವು. ಮತ ಯಾರಿಗೆ? ಆಸ್ತಿ ಇದ್ದವನಿಗೆ, ಕಂದಾಯ ಕಟ್ಟುವವನಿಗೆ. ಹೊಲದಾಗ ದುಡಿದವರು ನಾವು, ಹೊಲದ ಹೆಸರು ಅವರದು. ಹಂಗಾಗಿ ಮತವೂ ಅವರದೇ ಆಯಿತು.

1923ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆಯವರು ಒಂದು ಠರಾವು ತಂದರು. ಸರಕಾರದ ದುಡ್ಡಿನಲ್ಲಿ ಕಟ್ಟಿದ ಕೆರೆ, ಬಾವಿ, ಶಾಲೆ, ದವಾಖಾನೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಠರಾವು ಪಾಸಾಯಿತು. ಕೇಳ್ರಿ, ಇದು ದೂರದ ಮಾತಲ್ಲ. ಇಲಾಖೆ ಒಂದೇ ಇತ್ತು, ಆ ಕಾಗದ ನಮ್ಮ ಗದಗಕ್ಕೂ ಸೇರಿತ್ತು. ಕೊಂಕಣದ ಮಹಾಡ್ ಮುನಸಿಪಾಲ್ಟಿ 1924ರಲ್ಲಿ ತನ್ನ ಚೌದಾರ್ ಕೆರೆ ಎಲ್ಲರಿಗೂ ತೆರೆದಿದೆ ಅಂತ ಬರೆಯಿತು. ಬರೆದದ್ದು ಪುಸ್ತಕದೊಳಗೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಬೊಗಸೆಯಲ್ಲಿ ನೀರು ಎತ್ತಿ ಕುಡಿದಾಗ ಆ ಠರಾವು ಕೆರೆಗೆ ಇಳಿಯಿತು. ಮುನಸಿಪಾಲ್ಟಿ ಏನು ಮಾಡಿತು? ಅದೇ ವರ್ಷ ಆಗಸ್ಟಿನಲ್ಲಿ ಠರಾವನ್ನೇ ವಾಪಸ್ಸು ತೊಗೊಂಡಿತು. ಕೋರ್ಟು ಕಚೇರಿ ಅಲೆದು 1937ರಲ್ಲಿ ಹೈಕೋರ್ಟಿನಲ್ಲಿ ಗೆಲ್ಲಬೇಕಾಯಿತು. ಎರಡು ಹನಿ ನೀರಿಗೆ ಹತ್ತು ವರ್ಷ!

ಇದರಿಂದ ನಾವು ಕಲಿಯೂದು ಒಂದೇ. ಊರ ಸಭೆಯಲ್ಲಿ ನಾವಿಲ್ಲದಾಗ ಪಾಸಾದ ಠರಾವು, ನಾವಿಲ್ಲದಾಗಲೇ ರದ್ದಾಗತದ.

ಮುಂದೆ ಸಂವಿಧಾನ ಬಂತು. ಒಬ್ಬರಿಗೆ ಒಂದು ಮತ ಬಂತು. ರಾಜಕೀಯದಲ್ಲಿ ಸಮಾನತೆ, ಬಾಳುವೆಯಲ್ಲಿ ಅಸಮಾನತೆ ಬಹಳ ದಿನ ಒಟ್ಟಿಗೆ ನಡೆಯೂದಿಲ್ಲ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದೇ ಎಚ್ಚರಿಸಿದ್ದರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1959ರ ಕಾಯ್ದೆಯಿಂದ ಪಂಚಾಯ್ತಿ, ತಾಲೂಕು ಬೋರ್ಡು ಆದವು. ನಮಗೆ ಮೆಂಬರ ಸೀಟು ಬಂತು. ಬಹಳ ಊರುಗಳಲ್ಲಿ ಕುರ್ಚಿ ಗೌಡರ ಚಾವಡಿಯಿಂದ ಪಂಚಾಯ್ತಿ ಕಟ್ಟೆಗೆ ಬಂತಷ್ಟೆ, ಕುಂತ ಮನೆತನ ಬದಲಾಗಲಿಲ್ಲ. ನಮ್ಮ ಮೆಂಬರ ಬಾಗಿಲ ಬಳಿ ಹೆಬ್ಬಟ್ಟು ಒತ್ತಿ ಮನಿಗೆ ಬಂದ.

1983ರಲ್ಲಿ ಹೆಗಡೆ ಸರಕಾರ, ಅಬ್ದುಲ್ ನಜೀರ್ ಸಾಬರು ಹೊಸ ಕಾಯ್ದೆ ತಂದರು. ಊರೂರಿಗೆ ಬೋರು ಹಾಕಿಸಿ ನೀರ್ ಸಾಬ್ ಅನಿಸಿಕೊಂಡ ಮನುಷ್ಯ ಅವರು. 1987ರ ಜನವರಿಯಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತಿಗೆ ಚುನಾವಣೆ ಆಯಿತು. ನೂರಕ್ಕೆ 25 ಸೀಟು ಹೆಣ್ಣುಮಕ್ಕಳಿಗೆ, 18 ಪರಿಶಿಷ್ಟ ಜಾತಿ-ಪಂಗಡಕ್ಕೆ. ದೇಶವೇ ತಿರುಗಿ ನೋಡಿತು. ಐದು ವರ್ಷ ತುಂಬಿದ್ದೇ ತಡ, 1992ರಲ್ಲಿ ಚುನಾವಣೆ ಇಲ್ಲ. ಕುರ್ಚಿಗೆ ಆಡಳಿತಾಧಿಕಾರಿ ಬಂದು ಕುಂತ.

ಹಿಂಗ ಆಗಬಾರದು ಅಂತಲೇ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಅಂದಿತು. ಮೆಂಬರ ಸೀಟಷ್ಟೇ ಅಲ್ಲ, ಅಧ್ಯಕ್ಷರ ಕುರ್ಚಿಯೂ ಪಾಳಿ ಮೇಲೆ ನಮಗೆ ಬರಬೇಕು ಅಂದಿತು. ಆ ವರ್ಷ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿಗೆ, 1995ರಲ್ಲಿ ತಾಲೂಕು, ಜಿಲ್ಲಾ ಪಂಚಾಯ್ತಿಗೆ ಮತ ಹಾಕಿದೆವು. 1997ರಲ್ಲಿ ಗದಗವೇ ಜಿಲ್ಲೆ ಆಯಿತು. ಜಿಲ್ಲಾ ಕಚೇರಿಗೆ ಧಾರವಾಡದ ಬಸ್ಸು ಹತ್ತೂದು ತಪ್ಪಿತು. 2010ರಲ್ಲಿ ರಾಜ್ಯದ ಪಂಚಾಯ್ತಿಗಳಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಪಾಲು ಬಂತು.

ಕುರ್ಚಿ ಬಂದ ಕೂಡಲೇ ಹೊಸ ಆಟ ಸುರುವಾಯಿತು. ಒಂದೂರಿನಲ್ಲಿ ನಾವು ಕಣ್ಣಾರೆ ಕಂಡೆವು. ಅಧ್ಯಕ್ಷೆ ಅಕ್ಕ ನಮ್ಮಾಕಿ. ಸಭೆಯ ದಿನ ಆಕೆ ಕೂಲಿಗೆ ಹೋಗಿದ್ದಳು. ಸಂಜೆ ಪುಸ್ತಕ ಆಕೆಯ ಮನಿ ಬಾಗಿಲಿಗೇ ಬಂತು, ಸಹಿ ಮಾಡಿಸಿಕೊಂಡು ಹೋಯಿತು. ಏನು ಬರೆದಾರ ಅಕ್ಕ ಅಂತ ಕೇಳಿದೆವು. “ಯಾರಿಗೊತ್ತಪಾ, ಹಾಕು ಅಂದ್ರು, ಹಾಕಿದೆ” ಅಂದಳು. ಅಕ್ಕನ ಮ್ಯಾಲೆ ನಮಗೆ ಸಿಟ್ಟು ಬರಲಿಲ್ಲ. ಸಭೆಗೆ ಹೋದರೆ ಆಕೆಯ ದಿನದ ಕೂಲಿ ಯಾರು ಕೊಡಬೇಕು? 2020ರ ಡಿಸೆಂಬರ್ ಚುನಾವಣೆಯಲ್ಲಿ ರಾಜ್ಯದ ಹಲವು ಊರುಗಳಲ್ಲಿ ಮೆಂಬರ ಸೀಟು ಹರಾಜು ಕೂಗಿದ ಸುದ್ದಿ ಪೇಪರಿನಲ್ಲಿ ಬಂತು. ಅವಿರೋಧ ಆಯ್ಕೆ ಅಂತ ಅದಕ್ಕೆ ಹೆಸರಿಟ್ಟರು. ವಿರೋಧ ಮಾಡುವವನ ಬಾಯಿಗೆ ಬೆಲೆ ಕಟ್ಟಿದ ಮೇಲೆ ಎಲ್ಲವೂ ಅವಿರೋಧವೇ.

ಅದಕ್ಕಿಂತ ದೊಡ್ಡ ಆಟ ಮೇಲೆ ನಡೆಯಿತು. ಜಿಲ್ಲಾ, ತಾಲೂಕು ಪಂಚಾಯ್ತಿಗೆ 2016ರ ಫೆಬ್ರುವರಿಯಲ್ಲಿ ಮತ ಹಾಕಿದೆವು. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಿಸುವ ಅಧಿಕಾರವನ್ನು ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು. ಗಡುವಿನ ಮೇಲೆ ಗಡುವು ಕೇಳಿದರು. ಹೈಕೋರ್ಟು ದಂಡ ಹಾಕಿತು. ಸರಕಾರ ಬದಲಾಯಿತು, ಪಕ್ಷ ಬದಲಾಯಿತು. 2023ರಲ್ಲಿ ವಿಧಾನಸಭೆಗೆ ಹೊತ್ತಿಗೆ ಸರಿಯಾಗಿ ಮತ ಹಾಕಿಸಿಕೊಂಡರು. 2024ರಲ್ಲಿ ಲೋಕಸಭೆಗೂ ಹಾಕಿಸಿಕೊಂಡರು. ಆ ವರ್ಷ ಮುಗಿದರೂ ಜಿಲ್ಲಾ ಪಂಚಾಯ್ತಿಗೆ ಚುನಾವಣೆ ಆಗಲಿಲ್ಲ. ಅವರು ಗೆಲ್ಲುವ ಚುನಾವಣೆ ತಪ್ಪೂದಿಲ್ಲ, ನಾವು ಕೂಡುವ ಚುನಾವಣೆ ಮಾತ್ರ ತಪ್ಪತದ.

ಪಾಳಿ ಅಂದರೆ ಏನು ಅಂತ ನಿಮಗೆ ನಾವು ಹೇಳಬೇಕೆ? ನಳದ ಮುಂದೆ ಕೊಡ ಇಟ್ಟು ನಿಂತವರು ನೀವು. ನಮ್ಮ ಕೊಡ ಮುಂದೆ ಬರುವ ಹೊತ್ತಿಗೆ ನೀರು ಬಂದಾದರೆ ಪಾಳಿಗೆ ಏನು ಅರ್ಥ? ಒಂದು ಅವಧಿ ಚುನಾವಣೆ ತಪ್ಪಿದರೆ ಯಾವುದೋ ಒಂದು ಕೇರಿಯ ಪಾಳಿ ತಪ್ಪಿತು ಅಂತಲೇ ಲೆಕ್ಕ.

ಆದ್ದರಿಂದ ಮೂರು ಕೆಲಸ. ಗ್ರಾಮಸಭೆಗೆ ಒಬ್ಬೊಬ್ಬರು ಹೋಗಬ್ಯಾಡ್ರಿ, ಓಣಿಗೆ ಓಣಿಯೇ ಹೋಗೋಣ. ಠರಾವು ಪುಸ್ತಕ ಓದಿಸಿ ಕೇಳದೆ ಯಾರೂ ಸಹಿ ಹಾಕಬ್ಯಾಡ್ರಿ. ಓದು ಬಂದ ನಮ್ಮ ಹುಡುಗ ಹುಡುಗಿಯರು ಪಕ್ಕದಲ್ಲಿ ಕೂತು ಓದಿ ಹೇಳಲಿ, ನಮ್ಮ ಡಿಗ್ರಿಗೆ ಅಷ್ಟಾದರೂ ಕೆಲಸ ಸಿಗಲಿ. ವಿಧಾನಸಭೆಗೆ ಮತ ಕೇಳಲಿಕ್ಕೆ ಯಾರೇ ಬಂದರೂ ಮೊದಲ ಪ್ರಶ್ನೆ ಇದಾಗಲಿ: ನಮ್ಮ ಜಿಲ್ಲಾ ಪಂಚಾಯ್ತಿಯ ಪಾಳಿ ಯಾಕೆ ತಪ್ಪಿಸಿದಿರಿ?

ಮಹಾಡಿನಲ್ಲಿ ಠರಾವು ತಾನಾಗಿ ಕೆರೆಗೆ ಇಳಿಯಲಿಲ್ಲ. ಜನ ಇಳಿದರು, ಅದರ ಹಿಂದೆ ಠರಾವು ಇಳಿಯಿತು. ಬರ್ರಿ, ನಾವೂ ಇಳಿಯೋಣ.

ಜೈ ಭೀಮ್.