ದಫ್ತರದಲ್ಲಿ ಉಳಿದ ಊರುಗಳು

(ಶತಮಾನೋತ್ಸವದ ಸಭೆಯಲ್ಲಿ ಧರ್ಮಗುರುಗಳು ಮಾಡಿದ ಭಾಷಣ)



ಈ ಉತ್ಸವದ ಸಿದ್ಧತೆಗಾಗಿ ಜ್ಞಾನಸ್ನಾನದ ಹಳೆಯ ದಫ್ತರಗಳನ್ನು ತೆರೆದಾಗ ನನ್ನನ್ನು ತಡೆದು ನಿಲ್ಲಿಸಿದವು ಊರುಗಳ ಹೆಸರುಗಳು. ಒಬ್ಬ ಗುರುಗಳು ನಿಪಾಣಿ ಎಂದರೆ ಇನ್ನೊಬ್ಬರು ನಿಪ್ಪಾಣಿ ಎಂದಿದ್ದಾರೆ. ಚಿಕ್ಕೋಡಿಗೆ ಒಂದು ಕಕಾರ ಕಡಿಮೆ. ರಾಯಬಾಗವಂತೂ 1949ರವರೆಗೆ ಕೊಲ್ಲಾಪುರ ಸಂಸ್ಥಾನ, ಅನಂತರ ಮುಂಬಯಿ, 1956ರಿಂದ ಮೈಸೂರು, 1973ರಿಂದ ಕರ್ನಾಟಕ. ಹೊಸ್ತಿಲು ದಾಟದ ಅಜ್ಜಿಯೂ ನಾಲ್ಕು ಹೆಸರಿನ ನಾಡುಗಳಲ್ಲಿ ಬಾಳಿದಳು!

ಕಳೆದ ವರ್ಷ ನಮ್ಮವರೇ ಒಬ್ಬರು ಬಂದು, ತಮ್ಮ ಅಜ್ಜನ ನಮೂದಿನಲ್ಲಿರುವ ಊರಿನ ಹೆಸರನ್ನು ಹೊಡೆದುಹಾಕಿ 'ಸರಿಯಾದ' ಹೆಸರನ್ನು ಬರೆಯಬೇಕೆಂದು ಕೇಳಿದರು. ಕನ್ನಡದ್ದೋ ಮರಾಠಿಯದೋ ಎಂದು ನಾನು ಹೇಳಲಾರೆ. ಇಲ್ಲಿ ಕುಳಿತವರು ಎರಡನ್ನೂ ಬಲ್ಲಿರಿ. ನಿಪ್ಪಾಣಿಯು ಮಹಾರಾಷ್ಟ್ರಕ್ಕೆ, ಬೆಳಗಾವಿಯು ಇಲ್ಲಿಗೇ ಎಂದು ಮಹಾಜನ ಆಯೋಗವು 1967ರಲ್ಲಿ ಹೇಳಿತು. ಒಂದು ರಾಜ್ಯ ಒಪ್ಪಿತು, ಇನ್ನೊಂದು ಒಪ್ಪಲಿಲ್ಲ. 2004ರಲ್ಲಿ ವ್ಯಾಜ್ಯವು ಸುಪ್ರೀಂ ಕೋರ್ಟನ್ನೇರಿತು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಲೇಖನಿ ಎತ್ತಲಿಲ್ಲ.

ಅವರಿಗೆ ಐರ್ಲೆಂಡಿನ ಮಾತು ಹೇಳಿದೆ. ನಮ್ಮ ದೇಶದ ದಂಡುಗಳಲ್ಲಿ ಐರಿಷ್ ಕಥೋಲಿಕ ಸಿಪಾಯಿಗಳು ಬಹಳ ಮಂದಿ ಇದ್ದರು. ಅವರ ವಂಶಜರು ಈಗ ಮೂಲವನ್ನರಸಿ ಕ್ವೀನ್ಸ್‌ಟೌನ್ ಎಂಬ ಬಂದರನ್ನು ಹುಡುಕಿದರೆ ನಕ್ಷೆಯಲ್ಲಿ ಸಿಗದು. ಕೋವ್ ಎಂಬ ಆ ಊರು 1849ರಲ್ಲಿ ವಿಕ್ಟೋರಿಯಾ ರಾಣಿ ಬಂದುದಕ್ಕೆ ಕ್ವೀನ್ಸ್‌ಟೌನ್ ಆಯಿತು. 1920ರಿಂದ ಐರಿಷ್ ಕಾಗುಣಿತದಲ್ಲಿ ಮತ್ತೆ ಕೋವ್. ಉತ್ತರದಲ್ಲಿ ಡೆರಿ ಎನ್ನುವವನಾರು, ಲಂಡನ್‌ಡೆರಿ ಎನ್ನುವವನಾರು ಎಂಬುದರಿಂದಲೇ ಅವನ ಪಕ್ಷ ತಿಳಿದುಬಿಡುತ್ತದೆ, ನಮಗಿದು ಹೊಸತೇನಲ್ಲ. 1922ರಲ್ಲಿ ಡಬ್ಲಿನ್ನಿನ ಸರಕಾರಿ ದಾಖಲಾಲಯವು ಸುಟ್ಟು, ಹಳೆಯ ಜನಗಣತಿಯ ಕಾಗದಗಳು ಬಹುಪಾಲು ಬೂದಿಯಾದವು. ಕಥೋಲಿಕ ಧರ್ಮಕೇಂದ್ರಗಳ ದಫ್ತರಗಳು ಆಯಾ ಊರಿನಲ್ಲೇ ಇದ್ದುದರಿಂದ ಉಳಿದುವು. 2015ರಲ್ಲಿ ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯವು ಅವುಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಯಾವನಾದರೊಬ್ಬ ಅಭಿಮಾನಿ ಗುರು ಹಳೆಯ ಹೆಸರನ್ನು ಕೆರೆದುಹಾಕಿದ್ದರೆ, ಹಡಗಿನ ಪಟ್ಟಿಯ ಊರೂ ದಫ್ತರದ ಊರೂ ಒಂದೇ ಎಂದು ಮೊಮ್ಮಕ್ಕಳಿಗೆ ಹೇಗೆ ತಿಳಿಯಬೇಕು?

ಕೊನೆಗೆ ನಮೂದನ್ನು ಮುಟ್ಟದೆ, ಪ್ರಮಾಣಪತ್ರದಲ್ಲಿ ದಫ್ತರದ ಹೆಸರನ್ನೇ ಬರೆದು, ಕೆಳಗೆ ಇಂದಿನ ಹೆಸರನ್ನೂ ಸೂಚಿಸಿದೆ. ಅವರಿಗೆ ಪೂರ್ಣ ಸಮಾಧಾನವಾಗಲಿಲ್ಲ. ಆದರೂ ಪತ್ರವನ್ನು ಮಡಚಿ ಜೇಬಿಗಿಟ್ಟರು.

ಇನ್ನೂ ಕೆಲವು ಪುಟಗಳಲ್ಲಿ ಊರು ಯಾವುದೆಂದು ನನಗೆ ಗೊತ್ತಾಗುತ್ತಿಲ್ಲ. ಅಥಣಿ, ಕಾಗವಾಡದ ಕಡೆಯ ಹಿರಿಯರು ಭಾನುವಾರದ ಪೂಜೆಯ ನಂತರ ಕಚೇರಿಗೆ ಬನ್ನಿರಿ, ಕನ್ನಡಕ ಮರೆಯಬೇಡಿರಿ.