ಹಂಡೆಯ ನೀರು, ಮಿದುಳಿನ ತಾಳ

ಮಕ್ಕಳೇ, ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಬಚ್ಚಲಿನ ಒಲೆಗೆ ಬಿಡುವೇ ಇಲ್ಲ. ಅಡಿಕೆ ಸಿಪ್ಪೆ, ತೆಂಗಿನ ಗೆರಟೆ ಉರಿದು ಹಂಡೆಯ ನೀರು ಕಾಯುತ್ತದೆ. ತಲೆಗೆ ಹೊಯ್ದುಕೊಂಡರೆ ಚಳಿಯೆಲ್ಲ ಓಡಿಹೋಗುತ್ತದೆ. ಆದರೆ ಕೆಲವೇ ಕೆಲವರಿಗೆ ತಲೆಗೆ ಬಿಸಿನೀರು ಬಿದ್ದ ಕೂಡಲೇ ಮಂಕು ಕವಿಯುತ್ತದೆ, ಕೈಕಾಲು ಸೆಳೆಯುತ್ತದೆ. ಇದಕ್ಕೆ ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ.

ಬೇರೆ ದೇಶಗಳಲ್ಲಿ ಅಪರೂಪವಾದ ಇದು ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ಜನರ ವಿವರ ಪ್ರಕಟಿಸಿದರು. ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ತಲೆಗೆ ಹೊಯ್ದುಕೊಳ್ಳುವಾಗ ಹೀಗಾಗುತ್ತದೆ.

ಯಾಕೆ ಹೀಗೆ? ಮಿದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳಲ್ಲಿ ಮಾತಾಡುತ್ತವೆ. ಯಕ್ಷಗಾನದ ಹಿಮ್ಮೇಳದಲ್ಲಿ ಚೆಂಡೆ, ಮದ್ದಳೆ ತಾಳ ಹಿಡಿದು ನುಡಿಯುವಂತೆ ಅವಕ್ಕೂ ಒಂದು ಲಯವಿದೆ. ಸಾವಿರಾರು ಕೋಶಗಳು ಲಯ ತಪ್ಪಿ ಒಮ್ಮೆಲೇ ಮಿಡಿದರೆ ಸೆಳೆತ ಬರುತ್ತದೆ. ಕೆಲವರ ಮಿದುಳು ಥಟ್ಟನೆ ಏರುವ ಶಾಖವನ್ನು ತಡೆದುಕೊಳ್ಳುವುದಿಲ್ಲ.

ಇದನ್ನು ಅರಿಯಲು ವಿಜ್ಞಾನಿಗಳು ಇಲಿಗಳ ನೆರವು ಪಡೆದರು. ಇಲಿಯ ಮೇಲೆ ಬಿಸಿನೀರು ಹರಿಸಿ, ಮೈಶಾಖ ಎಷ್ಟೇರಿದಾಗ ಸೆಳೆತ ಶುರುವಾಗುತ್ತದೆಂದು ಅಳೆದರು. ಮೊದಲೇ ಔಷಧ ಕೊಟ್ಟರೆ ಏನು ಬದಲಾಗುತ್ತದೆಂದೂ ಹೋಲಿಸಿ ನೋಡಿದರು. ಇಲಿಗೂ ನೋವಿದೆ, ಭಯವಿದೆ. ಅದಕ್ಕೇ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನೀತಿ ಸಮಿತಿಯ ಒಪ್ಪಿಗೆ ಬೇಕು. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆಯೂ ಇದೆ. ಆ ಪುಟ್ಟ ಜೀವಗಳ ಋಣ ನಮ್ಮ ಮೇಲಿದೆ.

ಈ ತೊಂದರೆ ಇರುವವರು ಉಗುರುಬೆಚ್ಚಗಿನ ನೀರಲ್ಲಿ ಮಿಂದರೆ ಎಷ್ಟೋ ಸಲ ಸಾಕು. ಬೇಕಾದವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗಲು ವೈದ್ಯರು ಕ್ಲೋಬಜಾಮ್ ಎಂಬ ಮಾತ್ರೆ ಬರೆದುಕೊಡುತ್ತಾರೆ.

ಯಾರಿಗಾದರೂ ಸೆಳೆತ ಬಂದರೆ ದೊಡ್ಡವರನ್ನು ಕರೆಯಿರಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ನೀರು, ಚಮಚ ಏನೂ ಬೇಡ. ಕೈಗೆ ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೋಗಲೇಬೇಕು. ಇದು ಅಂಟುವ ರೋಗವಲ್ಲ, ದೆವ್ವದ ಕಾಟವೂ ಅಲ್ಲ. ಆದ್ದರಿಂದ ಮರುದಿನ ಶಾಲೆಯಲ್ಲಿ ಆ ಗೆಳೆಯನ ಪಕ್ಕದಲ್ಲೇ ಕುಳಿತುಕೊಳ್ಳಿ.